ಮಂಗನ ಕಾಯಿಲೆಯ ಸೀಮೆಯಲ್ಲಿ ದಾದಿಯ ಹೊಣೆ: ನಾಯಕತ್ವ, ನಿರ್ವಹಣೆ, ನೀತಿ



ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ನಾವು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತೇವೆ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ಈ ದಿನ 1993ರಿಂದ ಆಚರಣೆಯಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಧರ್ಮಕೇಂದ್ರಗಳಲ್ಲಿ ಬಾಳುವ ನಮಗೆ ಈ ದಿನಾಂಕದ ಜೊತೆ ಇನ್ನೊಂದು ನಂಟೂ ಇದೆ. ಮಂಗನ ಕಾಯಿಲೆ ಕಾಡುವ ತಿಂಗಳುಗಳ ನಟ್ಟ ನಡುವೆ ಇದು ಬರುತ್ತದೆ. ಆ ಹೊತ್ತಿಗೆ ಅಡಿಕೆ ಕೊಯ್ಲು ಮುಗಿದಿರುತ್ತದೆ ಅಥವಾ ಮುಗಿಯುತ್ತಾ ಬಂದಿರುತ್ತದೆ. ಜನ ಸೊಪ್ಪಿಗೆ, ಸೌದೆಗೆ, ತರಗೆಲೆಗೆ ಬೆಟ್ಟ ಹತ್ತುತ್ತಾರೆ. ಕಾಡಿನಲ್ಲಿ ಉಣುಗು ಹೆಚ್ಚಾಗಿರುವುದೂ ಆಗಲೇ.

ರೋಗಿಗಳ ದಿನದಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ, ವೈದ್ಯರನ್ನು ನೆನೆಯುತ್ತೇವೆ. ಹಗಲೂ ರಾತ್ರಿ ರೋಗಿಯ ಪಕ್ಕದಲ್ಲಿ ಇರುವ ದಾದಿಯರನ್ನು ‘ಸೇವಾಮೂರ್ತಿಗಳು’ ಎಂದು ಹೊಗಳಿ ಮುಂದೆ ಹೋಗುತ್ತೇವೆ. ಆದರೆ ಆ ಸೇವೆಯ ಒಳಗೆ ಏನೇನಿದೆ? ಯಾವ ತಿಳುವಳಿಕೆ, ಯಾವ ವ್ಯವಸ್ಥೆ, ಯಾವ ನೀತಿ ಅದನ್ನು ನಡೆಸುತ್ತದೆ? ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ಈ ವೃತ್ತಿಯನ್ನು ಆರಿಸಿಕೊಳ್ಳುತ್ತಿರುವುದರಿಂದ ಇದನ್ನು ತಿಳಿದುಕೊಳ್ಳುವುದು ನಮ್ಮೆಲ್ಲರಿಗೂ ಒಳ್ಳೆಯದು. ದೂರದ ಉದಾಹರಣೆಗಳನ್ನು ಹುಡುಕದೆ ನಮ್ಮ ನೆಲದ ಕಾಯಿಲೆಯನ್ನೇ ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಔಷಧಿಯಿಲ್ಲದ ರೋಗ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರೂ ವಿಚಿತ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗದ ವೈರಾಣುವನ್ನು ಪತ್ತೆ ಮಾಡಿದರು. ಆ ಕಾಡಿನ ಹೆಸರೇ ರೋಗಕ್ಕೂ ಬಂದು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದಾಯಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಹೆಸರು ಮಂಗನದಾದರೂ ರೋಗವನ್ನು ಮನುಷ್ಯನಿಗೆ ತಲುಪಿಸುವುದು ಉಣುಗು. ಮುಸಿಯ ಮತ್ತು ಕೆಂಪು ಮೂತಿಯ ಮಂಗ ಈ ರೋಗದಿಂದ ಸಾಯುತ್ತವೆ. ಸತ್ತ ಮಂಗನ ಮೈಮೇಲಿದ್ದ ಉಣುಗುಗಳು ಕೆಳಗಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಸೊಪ್ಪಿಗೆ ಹೋದವರಿಗೆ, ದನ ಹುಡುಕಿ ಹೋದವರಿಗೆ ಅವು ಕಚ್ಚುತ್ತವೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ವಾಂತಿ, ಭೇದಿ, ಕೆಲವರಿಗೆ ಮೂಗು ಮತ್ತು ವಸಡಿನಿಂದ ರಕ್ತ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ, ಜ್ವರ ಬಿಟ್ಟು ಹಾಯಾಗಿದೆ ಅನ್ನುವಾಗಲೇ, ಮತ್ತೆ ಜ್ವರ ಮರುಕಳಿಸುತ್ತದೆ. ಆಗ ವಿಪರೀತ ತಲೆನೋವು, ನಡುಕ, ಮನಸ್ಸಿನ ಗೊಂದಲ ಕಾಣಿಸಿಕೊಳ್ಳಬಹುದು. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ವೈರಾಣುವನ್ನು ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಯೆಲ್ಲ ದೇಹಕ್ಕೆ ಆಸರೆ ನೀಡುವಂಥದ್ದು. ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಜ್ವರ ಇಳಿಸುವುದು, ರಕ್ತದೊತ್ತಡ ಬೀಳದಂತೆ ಕಾಯುವುದು, ರಕ್ತಸ್ರಾವದ ಮೊದಲ ಗುರುತನ್ನು ಹಿಡಿಯುವುದು, ಬೇಕಾದರೆ ರಕ್ತ ಕೊಡುವುದು, ಎರಡನೇ ಹಂತ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ವೈದ್ಯರು ದಿನಕ್ಕೆ ಒಂದೆರಡು ಸಲ ಬಂದು ನೋಡಿ ಆದೇಶ ಬರೆಯುತ್ತಾರೆ. ಉಳಿದ ಹೊತ್ತೆಲ್ಲ ಕಾಯುವವರು ದಾದಿಯರು. ಔಷಧಿಯಿಲ್ಲದ ರೋಗದಲ್ಲಿ ಶುಶ್ರೂಷೆಯೇ ಔಷಧಿ. ಹಾಗಾಗಿ ಆ ಶುಶ್ರೂಷೆ ಯಾರ ಮುಂದಾಳುತನದಲ್ಲಿ, ಯಾವ ಕ್ರಮದಲ್ಲಿ, ಎಂಥ ಮನಸ್ಸಿನಿಂದ ನಡೆಯುತ್ತದೆ ಎಂಬುದು ನಮಗೆ ಜೀವದ ಪ್ರಶ್ನೆಯಾಗಿದೆ.

ನಾಯಕತ್ವ: ಮೊದಲು ಕಂಡವರು ಮೊದಲು ಹೇಳುವುದು

ನಾಯಕತ್ವ ಅಂದ ಕೂಡಲೇ ನಮಗೆ ಕುರ್ಚಿ, ನಾಮಫಲಕ ನೆನಪಾಗುತ್ತವೆ. ದಾದಿಯರಲ್ಲೂ ಮೆಟ್ಟಿಲುಗಳಿವೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಅವರು ದಾದಿಯಲ್ಲದಿದ್ದರೂ ಈ ಸರಪಳಿಯ ಮೊದಲ ಕೊಂಡಿ. ಉಪಕೇಂದ್ರದಲ್ಲಿ ನಾವು ನರ್ಸಮ್ಮ ಎಂದು ಕರೆಯುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಈಚಿನ ವರ್ಷಗಳಲ್ಲಿ ಹಲವು ಉಪಕೇಂದ್ರಗಳಿಗೆ ನರ್ಸಿಂಗ್ ಪದವಿ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳೂ ಬಂದಿದ್ದಾರೆ. ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಗಳು, ವಾರ್ಡಿನ ಹೊಣೆ ಹೊತ್ತ ಹಿರಿಯ ಸಿಸ್ಟರ್, ಎಲ್ಲರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್.

ಆದರೆ ಮಂಗನ ಕಾಯಿಲೆಯ ಕಾಲದಲ್ಲಿ ಅತಿ ಮುಖ್ಯವಾದ ನಿರ್ಧಾರಗಳು ಮೇಲಿನ ಮೆಟ್ಟಿಲಲ್ಲಿ ಶುರುವಾಗುವುದಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜನವರಿ ತಿಂಗಳಲ್ಲಿ ಒಬ್ಬ ಕೂಲಿ ಹೆಂಗಸು ಜ್ವರ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಜ್ವರದವರು ಅಂದು ಹತ್ತಾರು ಮಂದಿ ಇದ್ದಾರೆ. ಹೆಸರು ಬರೆದುಕೊಳ್ಳುವ ನರ್ಸ್ ಇನ್ನೂ ಎರಡು ಪ್ರಶ್ನೆ ಕೇಳುತ್ತಾರೆ: ‘ಅಮ್ಮಾ, ಈ ವಾರ ಬೆಟ್ಟಕ್ಕೆ ಹೋಗಿದ್ರಾ? ನಿಮ್ಮ ಕಡೆ ಮಂಗ ಸತ್ತದ್ದು ಕಂಡಿದೀರಾ?’ ಹೌದು ಎಂಬ ಉತ್ತರ ಬಂದ ಕೂಡಲೇ ಅದನ್ನು ಚೀಟಿಯ ಮೇಲೆ ಬರೆದು ವೈದ್ಯರ ಮುಂದಿಡುತ್ತಾರೆ. ಜ್ವರ ಬಂದ ದಿನಾಂಕವನ್ನೂ ಸರಿಯಾಗಿ ಕೇಳಿ ಬರೆಯುತ್ತಾರೆ. ಏಕೆಂದರೆ ಜ್ವರದ ಮೊದಲ ದಿನಗಳಲ್ಲಿ ಮಾಡುವ ರಕ್ತಪರೀಕ್ಷೆ ಬೇರೆ, ಆಮೇಲೆ ಮಾಡುವ ಪರೀಕ್ಷೆ ಬೇರೆ. ದಿನಾಂಕ ತಪ್ಪಿದರೆ ರೋಗವಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಆ ನರ್ಸ್ ಯಾರ ಮೇಲೂ ಅಧಿಕಾರ ನಡೆಸಲಿಲ್ಲ. ಆದರೂ ಆ ದಿನ ಆರೋಗ್ಯ ಕೇಂದ್ರವನ್ನು ಸರಿಯಾದ ದಾರಿಗೆ ತಂದವರು ಅವರೇ. ಇದನ್ನು ನಾಯಕತ್ವ ಎನ್ನದೆ ಬೇರೇನೆನ್ನೋಣ?

ನಾಯಕತ್ವದ ಇನ್ನೊಂದು ಮುಖ ಹೇಳುವ ಧೈರ್ಯ. ಸಂಜೆ ಚೆನ್ನಾಗಿದ್ದ ರೋಗಿ ರಾತ್ರಿ ಎರಡು ಗಂಟೆಗೆ ಸಂಬಂಧವಿಲ್ಲದ ಮಾತಾಡುತ್ತಿದ್ದಾರೆ. ವೈದ್ಯರನ್ನು ಎಬ್ಬಿಸಬೇಕೋ ಬೇಡವೋ? ಬೈದರೆ? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಈ ಹೆದರಿಕೆ ಸಹಜ. ವಾರ್ಡಿನ ಹಿರಿಯ ಸಿಸ್ಟರ್ ಮೊದಲೇ ‘ಅನುಮಾನ ಬಂದರೆ ಎಬ್ಬಿಸು, ನಾನಿದ್ದೇನೆ’ ಎಂದು ಹೇಳಿಟ್ಟಿದ್ದರೆ ಆ ಹುಡುಗಿ ಫೋನು ಮಾಡುತ್ತಾಳೆ. ಹಿರಿಯರ ನಾಯಕತ್ವ ಎಂದರೆ ಕಿರಿಯರ ಬಾಯಿಗೆ ಮಾತು ಕೊಡುವುದು. ಕಿರಿಯರನ್ನು ಎಲ್ಲರೆದುರು ಗದರಿಸುವ ವಾರ್ಡಿನಲ್ಲಿ ಕಿರಿಯರು ಸುಮ್ಮನಿರುವುದನ್ನು ಕಲಿಯುತ್ತಾರೆ. ಅದಕ್ಕೆ ರೋಗಿ ಬೆಲೆ ತೆರಬೇಕಾಗುತ್ತದೆ.

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಾವು ಕೈಯಲ್ಲಿ ದೀಪ ಹಿಡಿದ ಮಹಿಳೆಯಾಗಿ ಚಿತ್ರಗಳಲ್ಲಿ ನೋಡಿದ್ದೇವೆ. 1854ರಲ್ಲಿ ಅವರು 38 ಮಹಿಳೆಯರ ತಂಡದೊಡನೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದರು. ಆ ತಂಡದಲ್ಲಿ ಕಥೋಲಿಕ ಕನ್ಯಾಸ್ತ್ರೀಯರೂ ಇದ್ದರು. ದೀಪದ ಜೊತೆಗೆ ನೈಟಿಂಗೇಲರು ನಂಬಿದ್ದು ಲೆಕ್ಕದ ಪುಸ್ತಕವನ್ನು. ಅಡಿಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಚರಂಡಿ, ಸತ್ತವರ ಸಂಖ್ಯೆ, ಸಾವಿನ ಕಾರಣ ಎಲ್ಲವನ್ನೂ ಅವರು ಗಮನಿಸಿದರು. ಗಾಯಕ್ಕಿಂತ ಕೊಳಕಿನಿಂದ ಹರಡುವ ರೋಗಗಳಿಗೇ ಹೆಚ್ಚು ಸೈನಿಕರು ಬಲಿಯಾದರೆಂದು ಆಮೇಲೆ ಅಂಕಿ ಅಂಶಗಳಿಂದ ಸರ್ಕಾರಕ್ಕೆ ತೋರಿಸಿಕೊಟ್ಟರು. ಅವರು ಹುಟ್ಟಿದ ಮೇ 12 ಇಂದು ಅಂತಾರಾಷ್ಟ್ರೀಯ ದಾದಿಯರ ದಿನ. ಕರುಣೆಯ ಜೊತೆಗೆ ಲೆಕ್ಕವೂ ಬೇಕು ಎಂಬುದು ಅವರ ಬದುಕು ನಮಗೆ ಕಲಿಸುವ ಪಾಠ.

ನಿರ್ವಹಣೆ: ಕರುಣೆಗೆ ಒಂದು ಕ್ರಮ

2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಮಂಗನ ಕಾಯಿಲೆ ಕಾಣಿಸಿಕೊಂಡಿತು. 2019ರ ಮೊದಲ ತಿಂಗಳುಗಳಲ್ಲಿ ಅದು ಹಬ್ಬಿ ಹತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ಹಲವರನ್ನು ಸಾಗರದ ಆಸ್ಪತ್ರೆಗೂ ಅಲ್ಲಿಂದ ಮಣಿಪಾಲಕ್ಕೂ ಸಾಗಿಸಬೇಕಾಯಿತು. ಒಂದು ಚಿಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಇಷ್ಟು ದೊಡ್ಡ ಆಪತ್ತು ಬಂದಾಗ ಒಳ್ಳೆಯ ಮನಸ್ಸೊಂದೇ ಸಾಲದು. ಆಗ ಬೇಕಾಗುವುದು ನಿರ್ವಹಣೆ.

ನಿರ್ವಹಣೆ ಎಂದರೆ ಏನು? ದಾದಿಯರ ಕೆಲಸದಲ್ಲಿ ಅದು ಬಹಳ ಸಣ್ಣ ಸಣ್ಣ ಸಂಗತಿಗಳಾಗಿ ಕಾಣಿಸುತ್ತದೆ.

ಒಂದು, ಪಾಳಿ ಬದಲಾಗುವಾಗ ಮಾತು ಬದಲಾಗದಿರುವುದು. ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ ಪ್ರತಿ ರೋಗಿಯ ಹಾಸಿಗೆಯ ಪಕ್ಕ ನಿಂತು ಹೇಳಬೇಕು: ಇವರು ಯಾರು, ಏನಾಗಿದೆ, ಇವತ್ತು ಏನು ಬದಲಾಗಿದೆ, ಮುಂದೆ ಏನು ನೋಡಬೇಕು. ‘ಎಲ್ಲಾ ಸರಿ ಇದೆ’ ಎಂದು ಬಾಗಿಲಲ್ಲಿ ಹೇಳಿ ಬಸ್ಸು ಹಿಡಿದರೆ, ಬೆಳಗ್ಗೆ ವಸಡಿನಲ್ಲಿ ಕಂಡ ರಕ್ತದ ಸುದ್ದಿ ಅಲ್ಲಿಯೇ ಕಳೆದುಹೋಗುತ್ತದೆ.

ಎರಡು, ಬರೆದಿಡುವುದು. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಹೊರಗೆ ಬಂತು, ಜ್ವರ ಎಷ್ಟು, ರಕ್ತದೊತ್ತಡ ಎಷ್ಟು. ಒಂದು ಸಲದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ನಾಲ್ಕು ಸಲದ ಅಂಕಿಗಳನ್ನು ಸಾಲಾಗಿ ನೋಡಿದಾಗ ರೋಗಿ ಯಾವ ಕಡೆಗೆ ಹೋಗುತ್ತಿದ್ದಾರೆಂದು ತಿಳಿಯುತ್ತದೆ. ಮದ್ದು ಕೊಡುವಾಗಲೂ ಹಾಗೆಯೇ. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ: ಈ ಐದನ್ನೂ ಪ್ರತಿ ಸಲವೂ ನೋಡಬೇಕೆಂದು ನರ್ಸಿಂಗ್ ಶಾಲೆಯಲ್ಲಿ ಕಲಿಸುತ್ತಾರೆ.

ಮೂರು, ಸಾಮಾನು ಮುಗಿಯುವ ಮೊದಲೇ ತರಿಸುವುದು. ಕೈಗವಸು, ಡ್ರಿಪ್ ಬಾಟಲಿ, ರಕ್ತ ತೆಗೆಯುವ ಕೊಳವೆ, ಮಾದರಿಯನ್ನು ತಂಪಾಗಿ ಸಾಗಿಸುವ ಪೆಟ್ಟಿಗೆ, ಕಾಡಿಗೆ ಹೋಗುವವರಿಗೆ ಹಂಚುವ ಡೇಪಾ ಎಣ್ಣೆ. ಮಂಗನ ಕಾಯಿಲೆ ಪ್ರತಿ ವರ್ಷ ಸರಿಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ ಬರುವ ಅತಿಥಿ. ಅದಕ್ಕೆ ಅಕ್ಟೋಬರಿನಲ್ಲೇ ಸಿದ್ಧತೆ ಮಾಡಿಕೊಳ್ಳುವವರು ಜಾಣರು.

ನಾಲ್ಕು, ದಾರಿಯ ಲೆಕ್ಕ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದ ಜನರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಅಲ್ಲಿಂದ ಸಾಗರಕ್ಕೆ ನೇರವಾಗಿ ಬರಲು ಲಾಂಚ್ ಹತ್ತಬೇಕಿತ್ತು. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು. ಅಂಥ ಊರಿನಲ್ಲಿ ಕೆಲಸ ಮಾಡುವ ನರ್ಸ್, ರೋಗಿ ಗಂಭೀರವಾಗಲಿ ಆಮೇಲೆ ನೋಡೋಣ ಎಂದು ಕಾಯುವಂತಿರಲಿಲ್ಲ. ಮಧ್ಯಾಹ್ನವೇ ಲಕ್ಷಣ ನೋಡಿ ರಾತ್ರಿಯನ್ನು ಊಹಿಸಬೇಕಿತ್ತು. ಸೇತುವೆ ಬಂದಮೇಲೆ ಆ ಭಾಗಕ್ಕೆ ಕಷ್ಟ ಕಡಿಮೆಯಾಗಿದೆ. ಹೊಸನಗರ, ತೀರ್ಥಹಳ್ಳಿಯ ಒಳಗಿನ ಊರುಗಳಲ್ಲಿ ಮಳೆ, ಘಾಟಿ, ಮೊಬೈಲ್ ಸಿಗ್ನಲ್ ಇಲ್ಲದ ತಿರುವುಗಳು ಇನ್ನೂ ಇವೆ. 108ಕ್ಕೆ ಯಾವಾಗ ಫೋನು ಮಾಡಬೇಕು, ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾರ ಜೀಪು ರಾತ್ರಿ ಸಿಗುತ್ತದೆ ಎಂದು ಮೊದಲೇ ತಿಳಿದಿರುವ ನರ್ಸ್ ಅರ್ಧ ಜೀವ ಉಳಿಸಿದಂತೆ.

ಐದು, ಕೆಲಸಗಾರರ ಹಂಚಿಕೆ. ಒಬ್ಬರೇ ಮೂರು ರಾತ್ರಿ ನಿರಂತರ ದುಡಿದರೆ ನಾಲ್ಕನೇ ರಾತ್ರಿ ತಪ್ಪಾಗುವುದು ಸಹಜ. ದಣಿವನ್ನು ತ್ಯಾಗವೆಂದು ಹೊಗಳುವುದಕ್ಕಿಂತ ಪಾಳಿಯ ಪಟ್ಟಿಯನ್ನು ನ್ಯಾಯವಾಗಿ ಬರೆಯುವುದು ರೋಗಿಗೂ ದಾದಿಗೂ ಉಪಕಾರ.

ನೀತಿ: ಕಷ್ಟದ ಪ್ರಶ್ನೆಗಳು

ದಾದಿಯರಿಗೆ ತಮ್ಮದೇ ನೀತಿ ಸಂಹಿತೆಯಿದೆ. ಅಂತಾರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ಮೊದಲ ಸಂಹಿತೆಯನ್ನು ಒಪ್ಪಿಕೊಂಡಿತು. ಕಾಲಕಾಲಕ್ಕೆ ತಿದ್ದುತ್ತಾ ಬಂದು 2021ರಲ್ಲೂ ಪರಿಷ್ಕರಿಸಿತು. ಭಾರತೀಯ ನರ್ಸಿಂಗ್ ಪರಿಷತ್ತು ನಮ್ಮ ದೇಶದ ದಾದಿಯರಿಗಾಗಿ 2006ರಲ್ಲಿ ನೀತಿ ಸಂಹಿತೆಯನ್ನು ಹೊರತಂದಿತು. ವೈದ್ಯಕೀಯ ನೀತಿಯನ್ನು ಸಾಮಾನ್ಯವಾಗಿ ನಾಲ್ಕು ಮಾತುಗಳಲ್ಲಿ ಹೇಳುತ್ತಾರೆ: ಒಳಿತು ಮಾಡು, ಕೇಡು ಮಾಡಬೇಡ, ರೋಗಿಯ ಇಚ್ಛೆಯನ್ನು ಗೌರವಿಸು, ಎಲ್ಲರಿಗೂ ನ್ಯಾಯ ಸಲ್ಲಿಸು. ಕೇಳಲು ಸುಲಭ. ಆದರೆ ಒಂದು ಮಾತು ಇನ್ನೊಂದಕ್ಕೆ ಎದುರು ನಿಂತಾಗ ಕಷ್ಟ. ನಮ್ಮ ಸೀಮೆಯ ಕೆಲವು ಪ್ರಶ್ನೆಗಳನ್ನು ನೋಡೋಣ.

ಸತ್ಯ ಹೇಳುವ ಪ್ರಶ್ನೆ. ಮಂಗನ ಕಾಯಿಲೆಗೆ ಹಲವು ವರ್ಷ ಲಸಿಕೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್. ಚುಚ್ಚಿದ ಜಾಗದಲ್ಲಿ ನೋವಿರುತ್ತಿದ್ದರಿಂದ ಎಷ್ಟೋ ಜನ ಮೊದಲ ಡೋಸಿಗೇ ನಿಲ್ಲಿಸುತ್ತಿದ್ದರು. 2005ರಿಂದ 2010ರವರೆಗಿನ ಕರ್ನಾಟಕದ ಮಾಹಿತಿಯನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ, ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಪಡೆದವರಿಗೆ ಸುಮಾರು ಶೇ. 83 ಎಂದು ಕಂಡುಬಂತು. ಮುಂದೆ ಲಸಿಕೆಯ ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಪ್ರಯತ್ನಗಳು ಆರಂಭವಾದವು. ಲಸಿಕೆ ಹಾಕುತ್ತಿದ್ದ ನರ್ಸಮ್ಮನಿಗೆ ಊರಿನವರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದು ಹಾಕಿಸ್ಕೊಂಡ್ರೆ ಕಾಯಿಲೆ ಬರೋದಿಲ್ವಾ?’ ‘ಬರುವುದೇ ಇಲ್ಲ’ ಎಂದು ಹೇಳಿದರೆ ಸಾಲು ಬೇಗ ಮುಗಿಯುತ್ತದೆ. ಆದರೆ ಲಸಿಕೆ ಪಡೆದ ಒಬ್ಬರಿಗೆ ಜ್ವರ ಬಂದ ದಿನ ಇಡೀ ಊರಿನ ನಂಬಿಕೆ ಕುಸಿಯುತ್ತದೆ. ‘ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಎಣ್ಣೆ ಹಚ್ಚುವುದನ್ನು ಬಿಡಬೇಡಿ’ ಎಂದು ಹೇಳುವುದು ನಿಧಾನದ ದಾರಿ. ಆದರೂ ಅದೇ ನೀತಿಯ ದಾರಿ. ನಾಳೆ ಹೊಸ ಲಸಿಕೆ ಬಂದಾಗಲೂ ಇದೇ ಮಾತು ಅನ್ವಯಿಸುತ್ತದೆ.

ನ್ಯಾಯದ ಪ್ರಶ್ನೆ. ರೋಗ ಹಬ್ಬಿದಾಗ ಎಲ್ಲರಿಗೂ ಹೆದರಿಕೆ. ಇರುವುದು ಸ್ವಲ್ಪವಾದರೆ ಯಾರಿಗೆ ಮೊದಲು? ಪೇಟೆಯಲ್ಲಿ ಫೋನು ಮಾಡಿಸುವ ಶಕ್ತಿಯಿದ್ದವರಿಗೋ, ದಿನವೂ ಬೆಟ್ಟಕ್ಕೆ ಹೋಗುವ ಕೂಲಿಯವರಿಗೋ? ಉಣುಗು ಕಚ್ಚುವ ಸಂಭವ ಯಾರಿಗೆ ಹೆಚ್ಚೋ ಅವರಿಗೆ ಮೊದಲು ಎಂಬುದು ನ್ಯಾಯ. ಎಣ್ಣೆ ಬಾಟಲಿಯಾಗಲಿ, ವಾರ್ಡಿನ ಹಾಸಿಗೆಯಾಗಲಿ, ಆಂಬುಲೆನ್ಸಾಗಲಿ ಇದೇ ಅಳತೆ. ಶಿಫಾರಸಿನ ಫೋನು ಬಂದಾಗ ‘ಪಟ್ಟಿಯ ಪ್ರಕಾರವೇ ಕೊಡುತ್ತೇವೆ’ ಎಂದು ವಿನಯದಿಂದ ಹೇಳುವ ನರ್ಸಿಗೆ ಮೇಲಿನವರ ಬೆಂಬಲ ಬೇಕು. ಆ ಫೋನು ನಮ್ಮ ಕಡೆಯಿಂದ ಹೋಗದಂತೆ ನಾವೂ ನೋಡಿಕೊಳ್ಳಬೇಕು.

ಇಚ್ಛೆಯ ಪ್ರಶ್ನೆ. ಜ್ವರ ಬಂದ ಕೂಲಿ ಹೆಂಗಸು ‘ಆಸ್ಪತ್ರೆಗೆ ಬರೋದಿಲ್ಲ, ಅಡಿಕೆ ಸುಲಿಯೋ ಕೆಲಸ ಇದೆ, ಮನೇಲಿ ಮಕ್ಕಳಿದ್ದಾರೆ’ ಅನ್ನುತ್ತಾರೆ. ಬಲವಂತವಾಗಿ ಎಳೆದೊಯ್ಯುವಂತಿಲ್ಲ. ‘ನಿಮ್ಮಿಷ್ಟ’ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಅಪಾಯವನ್ನು ತಿಳಿಯುವ ಮಾತಿನಲ್ಲಿ ಹೇಳಬೇಕು. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕೆಂದು ಮನೆಯವರಿಗೂ ಹೇಳಬೇಕು. ನಾಳೆ ಬೆಳಗ್ಗೆ ಆಶಾ ಕಾರ್ಯಕರ್ತೆ ಬಂದು ನೋಡುವಂತೆ ಮಾಡಬೇಕು. ಮಕ್ಕಳನ್ನು ನೋಡಿಕೊಳ್ಳಲು ನೆರೆಮನೆಯವರನ್ನು ಕೇಳಬೇಕು. ಎಷ್ಟೋ ಸಲ ‘ಬರೋದಿಲ್ಲ’ ಎಂಬ ಮಾತಿನ ಹಿಂದೆ ಇರುವುದು ಹಟವಲ್ಲ, ಬಡತನ.

ಗುಟ್ಟಿನ ಪ್ರಶ್ನೆ. ರೋಗಿಯ ಹೆಸರು, ಮನೆ, ಪರೀಕ್ಷೆಯ ಫಲಿತಾಂಶ ನರ್ಸಿನ ಬಾಯಿಂದ ಅಂಗಡಿ ಕಟ್ಟೆಗೂ ಮೊಬೈಲ್ ಗುಂಪಿಗೂ ಹೋಗಬಾರದು. ಆರೋಗ್ಯ ಇಲಾಖೆಗೆ ತಿಳಿಸುವುದು ಕರ್ತವ್ಯ, ಊರಿಗೆ ಸಾರುವುದು ದ್ರೋಹ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡಿದ್ದು ಕಂಡುಬಂದಿಲ್ಲ. ಆದರೂ ರೋಗಿಯ ಮನೆಗೆ ಹೋಗದಿರುವುದು, ಆ ಮನೆಯ ಮಕ್ಕಳನ್ನು ದೂರ ಇಡುವುದು ನಡೆಯಬಹುದು. ಇದು ಅನಗತ್ಯ ಹೆದರಿಕೆ. ರೋಗಿಯ ಮೈ ಒರೆಸುತ್ತಾ ಹೆದರದೆ ಮಾತಾಡುವ ದಾದಿಯನ್ನು ಕಂಡಾಗ ಮನೆಯವರಿಗೂ ಧೈರ್ಯ ಬರುತ್ತದೆ.

ತಪ್ಪಿನ ಪ್ರಶ್ನೆ. ಯಾವ ಆಸ್ಪತ್ರೆಯಲ್ಲೂ ಕೈತಪ್ಪು ಆಗದಿರುವುದಿಲ್ಲ. ಮದ್ದಿನ ಪ್ರಮಾಣ ಹೆಚ್ಚಾಗಿ ಹೋದರೆ ಅದನ್ನು ತಕ್ಷಣ ಹೇಳಿದಾಗ ರೋಗಿಯನ್ನು ಉಳಿಸಲು ಸಮಯ ಸಿಗುತ್ತದೆ, ಮುಚ್ಚಿಟ್ಟಾಗ ಸಿಗುವುದಿಲ್ಲ. ಒಪ್ಪಿಕೊಂಡವರನ್ನು ಶಿಕ್ಷಿಸುವುದಷ್ಟೇ ಆಡಳಿತದ ಕೆಲಸವಾದರೆ ಮುಂದಿನ ತಪ್ಪು ಮುಚ್ಚಿಹೋಗುತ್ತದೆ. ಎಲ್ಲಿ ಕ್ರಮ ತಪ್ಪಿತು ಎಂದು ಹುಡುಕಿ ಸರಿಪಡಿಸುವ ಆಡಳಿತ ಸತ್ಯವನ್ನು ಸುಲಭವಾಗಿಸುತ್ತದೆ.

ದಾದಿಯನ್ನು ಕಾಯುವವರು ಯಾರು?

2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ರೋಗ ಕಾಣಿಸಿಕೊಂಡಿತು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ನರ್ಸ್ ಲಿನಿ ಅವರಿಗೂ ರೋಗ ತಗುಲಿ ಮೇ 21ರಂದು ತೀರಿಕೊಂಡರು. ಇಬ್ಬರು ಪುಟ್ಟ ಮಕ್ಕಳ ತಾಯಿ. ಇಡೀ ದೇಶ ಅವರನ್ನು ನೆನೆದು ಕಣ್ಣೀರಿಟ್ಟಿತು. ನಿಪಾ ಮತ್ತು ಮಂಗನ ಕಾಯಿಲೆ ಬೇರೆ ಬೇರೆ. ನಿಪಾ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಆದರೆ ಜ್ವರದಿಂದ ಬಂದವರಿಗೆ ಯಾವ ರೋಗವಿದೆಯೆಂದು ಮೊದಲ ದಿನ ಯಾರಿಗೂ ತಿಳಿದಿರುವುದಿಲ್ಲ. ಆದುದರಿಂದ ಕೈಗವಸು, ಮುಖಗವಸು, ಸೂಜಿಯನ್ನು ಸುರಕ್ಷಿತವಾಗಿ ಎಸೆಯುವ ಡಬ್ಬ, ಕೈತೊಳೆಯಲು ನೀರು ಮತ್ತು ಸಾಬೂನು ಪ್ರತಿ ದಿನ, ಪ್ರತಿ ವಾರ್ಡಿನಲ್ಲಿ ಇರಲೇಬೇಕು. ತ್ಯಾಗ ಮಾಡುವುದು ದಾದಿಯ ದೊಡ್ಡತನ. ತ್ಯಾಗದ ಅಗತ್ಯ ಬಾರದಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯ.

ಸಂಬಳವೂ ನೀತಿಯ ವಿಷಯವೇ. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿಯ ಬಗ್ಗೆ ಭಾರತೀಯ ತರಬೇತಿ ಪಡೆದ ದಾದಿಯರ ಸಂಘವು ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಜನವರಿಯಲ್ಲಿ ಕೋರ್ಟು ಕೊಟ್ಟ ಸೂಚನೆಯಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಗಳಲ್ಲಿ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಇದ್ದರೂ ಅದು ಜಾರಿಗೆ ಬರುವುದು ಆಡಳಿತ ನಡೆಸುವವರ ಮನಸ್ಸಿನ ಮೇಲೆ ನಿಂತಿದೆ. ಸೇವೆಯ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು, ನಮ್ಮವೂ ಸೇರಿದಂತೆ, ಈ ಅಳತೆಗೋಲನ್ನು ಮೊದಲು ತಮಗೆ ತಾವೇ ಹಿಡಿದುಕೊಳ್ಳುವುದು ಒಳ್ಳೆಯದು. ದುಡಿದವರ ಕೂಲಿಯನ್ನು ಉಳಿಸಿಕೊಂಡು ಮಾಡಿದ ದಾನಕ್ಕೆ ಎಷ್ಟು ಬೆಲೆ?

ಕುಟುಂಬಗಳು ಮಾಡಬಹುದಾದದ್ದು

ಇಷ್ಟೆಲ್ಲ ಓದಿದ ಮೇಲೆ ‘ಇದರಲ್ಲಿ ನಮ್ಮ ಪಾಲೇನು?’ ಎಂಬ ಪ್ರಶ್ನೆ ಏಳಬಹುದು. ಕೆಲವು ಮಾತುಗಳನ್ನು ಮನೆಯಲ್ಲಿ ಕೂತು ವಿಚಾರ ಮಾಡೋಣ.

ಸತ್ತ ಮಂಗ ಕಂಡರೆ ಮುಟ್ಟದೆ, ಸುಟ್ಟು ಹೂಳುವ ಸಾಹಸಕ್ಕೂ ಹೋಗದೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸೋಣ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಎಣ್ಣೆ ಹಚ್ಚಿಕೊಂಡು, ಮರಳಿ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯೋಣ. ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು. ಬೆಟ್ಟಕ್ಕೆ ಹೋದದ್ದನ್ನೂ ಜ್ವರ ಬಂದ ದಿನವನ್ನೂ ನರ್ಸಿಗೆ ಮರೆಯದೆ ಹೇಳೋಣ. ಜ್ವರ ಬಿಟ್ಟ ಮೇಲೂ ಎರಡು ವಾರ ರೋಗಿಯ ಮೇಲೆ ಕಣ್ಣಿಡೋಣ.

ಆಸ್ಪತ್ರೆಯಲ್ಲಿ ದಾದಿಯ ಜೊತೆ ಮಾತಾಡುವಾಗ ಮರ್ಯಾದೆಯಿರಲಿ. ವೈದ್ಯರೆದುರು ಕೈಮುಗಿದು ನರ್ಸಿನ ಮೇಲೆ ಕೂಗಾಡುವುದನ್ನು ಎಲ್ಲ ಕಡೆ ನೋಡುತ್ತೇವೆ. ರಾತ್ರಿ ಡ್ರಿಪ್ ನಿಂತಾಗ ಓಡಿ ಬರುವವರು ಅವರೇ. ಹಾಗೆಂದು ಪ್ರಶ್ನೆ ಕೇಳಬಾರದೆಂದಲ್ಲ. ‘ಸಿಸ್ಟರ್, ಇದು ಯಾವ ಮದ್ದು? ಏಕೆ ಕೊಡುತ್ತಿದ್ದೀರಿ?’ ಎಂದು ವಿನಯದಿಂದ ಕೇಳುವುದು ನಮ್ಮ ಹಕ್ಕು. ಉತ್ತರ ಕೊಡುವುದು ಅವರ ಧರ್ಮ.

ಮಕ್ಕಳನ್ನು ನರ್ಸಿಂಗ್ ಓದಿಸುವ ತಂದೆತಾಯಿಗಳಿಗೆ ಒಂದು ಮಾತು. ಜನರಲ್ ನರ್ಸಿಂಗ್ ಮೂರು ವರ್ಷದ ಓದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. ಸೇರಿಸುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ವಿಚಾರಿಸಿ. ಬರೀ ಸರ್ಟಿಫಿಕೇಟು ಸಿಗುವ ಕಡೆ ಸೇರಿಸಿದರೆ ಮಗುವಿಗೂ ಮೋಸ, ಮುಂದೆ ಅದರ ಕೈಗೆ ಸಿಗುವ ರೋಗಿಗೂ ಮೋಸ. ವಿದೇಶದ ಸಂಬಳದ ಆಸೆ ತಪ್ಪಲ್ಲ, ಅದರಿಂದ ಎಷ್ಟೋ ಮನೆಗಳು ಎದ್ದು ನಿಂತಿವೆ. ಆದರೆ ಕೆಲವು ವರ್ಷವಾದರೂ ಅರಳಗೋಡಿನಂಥ ಊರಿನಲ್ಲಿ, ತೀರ್ಥಹಳ್ಳಿ, ಹೊಸನಗರದ ವಾರ್ಡುಗಳಲ್ಲಿ ಕೆಲಸ ಮಾಡಲು ಮಗಳು ಬಯಸಿದರೆ ‘ಅಲ್ಲೇನಿದೆ?’ ಎಂದು ತಡೆಯದಿರೋಣ.

ನಮ್ಮ ಜನ ಕನ್ಯಾಸ್ತ್ರೀಯರನ್ನೂ ದಾದಿಯರನ್ನೂ ‘ಸಿಸ್ಟರ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಸಿಸ್ಟರ್ ಎಂದರೆ ಒಡಹುಟ್ಟಿದವಳು. ಒಡಹುಟ್ಟಿದವಳ ಮಾತಿಗೆ ಮನೆಯಲ್ಲಿ ಬೆಲೆಯಿರುತ್ತದೆ, ಅವಳ ದಣಿವು ಮನೆಯವರ ಕಣ್ಣಿಗೆ ಬೀಳುತ್ತದೆ, ಅವಳ ಪಾಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಈ ವರ್ಷದ ಮಂಗನ ಕಾಯಿಲೆಯ ದಿನಗಳಲ್ಲಿ ನಮ್ಮ ಆಸ್ಪತ್ರೆಗಳ, ಉಪಕೇಂದ್ರಗಳ ಸಿಸ್ಟರ್‌ಗಳಿಗೆ ಈ ಮೂರನ್ನೂ ಕೊಡೋಣ. ಅವರು ಕಾಯುತ್ತಿರುವುದು ನಮ್ಮವರ ಜೀವವನ್ನೇ.